ಪ್ರಾಜೆಕ್ಟ್‌ಗೆ ಡೇಟಾಬೇಸ್ ಫ್ರೇಮ್‌ವರ್ಕ್ ಆರಿಸುವುದು ಹೇಗೆ? ಅಡಿಕೆ ಮಂಡಿ ಲೆಕ್ಕ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಸಾಫ್ಟ್‌ವೇರ್ ಮಾಡುವ ಸಣ್ಣ ತಂಡಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಡವುತ್ತವೆ. ಸಹಕಾರ ಸಂಘದ ಲೆಕ್ಕ ಇರಲಿ, ಮಂಡಿಯ ಬಿಲ್ಲಿಂಗ್ ಇರಲಿ, ಎಂಜಿನಿಯರಿಂಗ್ ಕಾಲೇಜಿನ ಕೊನೆ ವರ್ಷದ ಪ್ರಾಜೆಕ್ಟ್ ಇರಲಿ, ಮೊದಲ ದಿನವೇ ‘ಹೈಬರ್ನೇಟ್ ಹಾಕೋಣ’ ಅಂತ ತೀರ್ಮಾನ ಆಗಿಬಿಡುತ್ತದೆ. (ಜಾವಾ ಪ್ರೋಗ್ರಾಂ ಮತ್ತು ಡೇಟಾಬೇಸ್ ನಡುವೆ ಕೂತು ಡೇಟಾ ತರುವ, ಉಳಿಸುವ ಕೆಲಸ ಮಾಡುವ ಒಂದು ಫ್ರೇಮ್‌ವರ್ಕ್ ಅದು.) ಟೇಬಲ್ ಆಮೇಲೆ, ರಿಪೋರ್ಟ್ ಎಲ್ಲಕ್ಕಿಂತ ಕೊನೆಗೆ. ಅಡಿಕೆ ಕೊಯ್ಲು ಮುಗಿದು ಮಾಲು ಬರೋಕೆ ಶುರುವಾದಾಗ ಪರದೆ ತೆರೆಯೋದೇ ನಿಧಾನ ಆಗುತ್ತದೆ, ತಿಂಗಳ ಲೆಕ್ಕ ತಾಳೆ ಬೀಳೋದಿಲ್ಲ. ಆಗ ಎಲ್ಲರೂ ಫ್ರೇಮ್‌ವರ್ಕ್ ಬಯ್ಯುತ್ತಾರೆ.

ತಪ್ಪು ಇರುವುದು ಆರಿಸಿದ ಕ್ರಮದಲ್ಲಿ. ಡೇಟಾಬೇಸ್‌ಗೆ ಯಾವ ಯಾವ ಪ್ರಶ್ನೆ ಹೋಗುತ್ತದೆ ಅಂತ ಮೊದಲು ಗೊತ್ತಾಗಬೇಕು. ಅದರಲ್ಲಿ ಅತಿ ಕಷ್ಟದ ಎರಡನ್ನು ನಿಜವಾಗಿ ಬರೆದು ನೋಡಬೇಕು. ಫ್ರೇಮ್‌ವರ್ಕ್ ಹೆಸರು ಅದಾದ ಮೇಲೆ.

ಉದಾಹರಣೆಗೆ ಒಂದು ಅಡಿಕೆ ಮಂಡಿ ಇಟ್ಟುಕೊಳ್ಳೋಣ. ರೈತರು ಮಾಲು ತರುತ್ತಾರೆ. ಒಬ್ಬರ ಮಾಲು ಒಂದು ಲಾಟ್. ಲಾಟ್‌ನಲ್ಲಿ ಹಲವು ಚೀಲ, ಪ್ರತಿ ಚೀಲಕ್ಕೂ ತೂಕ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಗ್ರೇಡ್. ಟೆಂಡರ್ ಆಗಿ ಕ್ವಿಂಟಾಲ್‌ಗೆ ಇಷ್ಟು ಅಂತ ದರ ಬೀಳುತ್ತದೆ. ರೈತ ಮೊದಲೇ ತೆಗೆದುಕೊಂಡ ಮುಂಗಡ ಕಳೆದು ಬಿಲ್ ಆಗುತ್ತದೆ. ಭಾಷೆ ಜಾವಾ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಬೇರೆ ಭಾಷೆಯವರಿಗೂ ಹಂತಗಳು ಇವೇ, ಹೆಸರುಗಳಷ್ಟೇ ಬೇರೆ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ನಿಜವಾಗಿ ಬಳಸುವ ಡೇಟಾಬೇಸೇ ಬೇಕು, ಅದೇ ಆವೃತ್ತಿಯಲ್ಲಿ. ಡಾಕರ್‌ನಲ್ಲಿ (ಸಾಫ್ಟ್‌ವೇರ್ ಅನ್ನು ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಸಾಧನ) ಎಬ್ಬಿಸಿಕೊಂಡರೆ ಸಾಕು. ಸುಲಭ ಅಂತ ಎಚ್2 ಥರದ ಮೆಮೊರಿ ಡೇಟಾಬೇಸ್‌ನಲ್ಲಿ ಪರೀಕ್ಷೆ ಮಾಡಬೇಡಿ. ಅಲ್ಲಿ ಓಡಿದ ಕ್ವೆರಿ (ಡೇಟಾಬೇಸ್‌ಗೆ ಕಳಿಸುವ ಪ್ರಶ್ನೆ) ಪೋಸ್ಟ್‌ಗ್ರೆಸ್‌ನಲ್ಲಿ ಓಡದೇ ಇರಬಹುದು, ಪೋಸ್ಟ್‌ಗ್ರೆಸ್‌ನ ನಿಧಾನ ಅಲ್ಲಿ ಕಾಣೋದೇ ಇಲ್ಲ.

ಒಂದು ಪೂರ್ತಿ ವರ್ಷದಷ್ಟು ಡೇಟಾ ಬೇಕು. ಸುಳ್ಳು ಡೇಟಾ ಆದರೂ ಪರವಾಗಿಲ್ಲ, ಪ್ರಮಾಣ ನಿಜ ಇರಲಿ. ಹತ್ತು ಲಾಟ್ ಹಾಕಿ ನೋಡಿದರೆ ಎಲ್ಲ ಫ್ರೇಮ್‌ವರ್ಕೂ ಚೆನ್ನಾಗೇ ಕಾಣುತ್ತವೆ.

ಎಸ್‌ಕ್ಯೂಎಲ್ (ಕ್ವೆರಿ ಬರೆಯುವ ಭಾಷೆ) ಲಾಗ್ ತೆರೆದಿರಬೇಕು. ಫ್ರೇಮ್‌ವರ್ಕ್ ಏನು ಕಳಿಸುತ್ತಿದೆ ಅಂತ ಸಾಲು ಸಾಲಾಗಿ ಕಣ್ಣಿಗೆ ಬೀಳದೆ ಮುಂದಿನ ಯಾವ ಹಂತವೂ ಪ್ರಯೋಜನ ಇಲ್ಲ. ಜೊತೆಗೆ ‘ಎಕ್ಸ್‌ಪ್ಲೇನ್ ಅನಲೈಜ್’ (ಕ್ವೆರಿ ಹೇಗೆ ಓಡಿತು, ಸಮಯ ಎಲ್ಲಿ ಹೋಯಿತು ಅಂತ ಪೋಸ್ಟ್‌ಗ್ರೆಸ್ ಕೊಡುವ ವರದಿ) ಓದೋಕೆ ಬರುವ ಒಬ್ಬರಾದರೂ ತಂಡದಲ್ಲಿ ಇರಲಿ. ಇಲ್ಲದಿದ್ದರೆ ಒಂದು ವಾರ ಕೂತು ಕಲಿಯಿರಿ. ಯಾವ ಫ್ರೇಮ್‌ವರ್ಕ್ ಆರಿಸಿದರೂ ಅದು ಕೈಹಿಡಿಯುತ್ತದೆ.

## ಹಂತ 1: ಪ್ರಶ್ನೆಗಳನ್ನು ಬರೆಯಿರಿ

ಕಂಪ್ಯೂಟರ್ ಬದಿಗಿಡಿ. ಮಂಡಿಯಲ್ಲಿ ಗುಮಾಸ್ತರ ಪಕ್ಕ ಕೂತು, ದಿನವಿಡೀ ಅವರು ಏನು ಬರೆಯುತ್ತಾರೆ, ಏನು ಕೇಳುತ್ತಾರೆ ಅಂತ ಪಟ್ಟಿ ಮಾಡಿ. ‘ಈ ರೈತರ ಬಾಕಿ ಎಷ್ಟು?’, ‘ಇವತ್ತಿನ ಲಾಟ್ ಎಲ್ಲ ತೋರಿಸು’, ‘ಈ ತಿಂಗಳು ರಾಶಿ ಎಷ್ಟು ಕ್ವಿಂಟಾಲ್ ಬಂತು, ಸರಾಸರಿ ದರ ಎಷ್ಟು?’ ಹೀಗೆ.

ಪ್ರತಿಯೊಂದರ ಮುಂದೆ ಒಂದು ಗುರುತು ಹಾಕಿ: ಇದು ಬರೆಯುವ ಕೆಲಸವೋ, ಒಂದೊಂದೇ ತೆಗೆದು ನೋಡುವ ಕೆಲಸವೋ, ಒಟ್ಟು ಹಾಕುವ ಕೆಲಸವೋ. ಈ ಮೂರರ ಪ್ರಮಾಣವೇ ನಿಮ್ಮ ಆಯ್ಕೆಯ ಅರ್ಧ ಉತ್ತರ. ಒಂದು ವಸ್ತುವನ್ನು (ಒಬ್ಬ ರೈತ, ಒಂದು ಲಾಟ್ ಥರದ ಆಬ್ಜೆಕ್ಟ್) ತೆಗೆದು, ತಿದ್ದಿ, ಉಳಿಸುವ ಕೆಲಸ ಜಾಸ್ತಿ ಇದ್ದರೆ ಹೈಬರ್ನೇಟ್ ಥರದ್ದು ನಿಮ್ಮ ಕೆಲಸ ಹಗುರ ಮಾಡುತ್ತದೆ. ಒಟ್ಟು ಹಾಕೋದೇ ಜಾಸ್ತಿ ಇದ್ದರೆ ಎಸ್‌ಕ್ಯೂಎಲ್‌ಗೆ ಹತ್ತಿರ ಇರುವುದು ಬೇಕು.

ಸಾಮಾನ್ಯ ತಪ್ಪು: ರಿಪೋರ್ಟ್‌ಗಳನ್ನು ಈ ಪಟ್ಟಿಯಲ್ಲಿ ಬಿಟ್ಟುಬಿಡುವುದು. ‘ಅದೆಲ್ಲ ಆಮೇಲೆ ನೋಡೋಣ’ ಅಂದ ರಿಪೋರ್ಟೇ ಮುಂದೆ ಕುತ್ತಿಗೆಗೆ ಬರುತ್ತದೆ.

## ಹಂತ 2: ಟೇಬಲ್ ಯಾರ ಕೈಯಲ್ಲಿದೆ ನೋಡಿ

ಹೊಸ ಡೇಟಾಬೇಸ್ ಆದರೆ ಟೇಬಲ್ ವಿನ್ಯಾಸ ನಿಮ್ಮದೇ. ಹಳೇ ಸಾಫ್ಟ್‌ವೇರ್‌ನ ಡೇಟಾಬೇಸ್ ಮೇಲೇ ಕೂರಬೇಕು ಅಂದರೆ ಕಥೆ ಬೇರೆ. ವರ್ಷ, ಶಾಖೆ, ಲಾಟ್ ನಂಬರ್ ಮೂರೂ ಸೇರಿ ಒಂದು ಕೀ (ಸಾಲನ್ನು ಗುರುತಿಸುವ ಬೆಲೆಗಳ ಜೋಡಿ) ಆಗಿರುವ ಟೇಬಲ್‌ಗಳು ಹಳೇ ಲೆಕ್ಕದಲ್ಲಿ ಸಾಮಾನ್ಯ. ಜೆಪಿಎಯಲ್ಲಿ (ಹೈಬರ್ನೇಟ್ ಥರದವು ಪಾಲಿಸುವ ಜಾವಾ ಮಾನದಂಡ) ಇದನ್ನು ಮಾಡಬಹುದು, ಆದರೆ ಪ್ರತಿ ಸಂಬಂಧಕ್ಕೂ ಮೂರು ಕಾಲಮ್ ಜೋಡಿಸುತ್ತಾ ಕೂರಬೇಕಾಗುತ್ತದೆ. ಅಂಥ ಕಡೆ ಎಸ್‌ಕ್ಯೂಎಲ್‌ಗೆ ಹತ್ತಿರ ಇರುವ ಮೈಬ್ಯಾಟಿಸ್ ಅಥವಾ ಜೂಕ್ ಸರಾಗ (ಇವುಗಳ ವಿವರ ಹಂತ 4ರಲ್ಲಿದೆ).

ಜೂಕ್ ಯೋಚಿಸುವವರು ಲೈಸೆನ್ಸ್ ಈಗಲೇ ನೋಡಿ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಥರದ ಓಪನ್ ಸೋರ್ಸ್ ಡೇಟಾಬೇಸ್‌ಗೆ ಉಚಿತ ಆವೃತ್ತಿ ಇದೆ. ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಆದರೆ ದುಡ್ಡು ಕೊಡಬೇಕು.

ಇಲ್ಲೇ ಗ್ರೇಡ್ ವಿಷಯವನ್ನೂ ತೀರ್ಮಾನಿಸಿಬಿಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಡೇಟಾ ಸದ್ದಿಲ್ಲದೆ ಕೆಡುವ ಜಾಗ ಇದು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಜಾವಾದಲ್ಲಿ ಎನಮ್ (ಮೊದಲೇ ನಿಗದಿಯಾದ ಹೆಸರುಗಳ ಪಟ್ಟಿ) ಮಾಡಿದಿರಿ ಅಂದುಕೊಳ್ಳಿ. ಜೆಪಿಎ ಏನೂ ಹೇಳದಿದ್ದರೆ ಹೆಸರು ಉಳಿಸೋದಿಲ್ಲ, ಕ್ರಮಸಂಖ್ಯೆ ಉಳಿಸುತ್ತದೆ: ರಾಶಿ 0, ಬೆಟ್ಟೆ 1, ಸರಕು 2, ಗೊರಬಲು 3. ಮುಂದೆ ಸಾಗರದಲ್ಲಿ ಶಾಖೆ ತೆರೆದರು. ಅಲ್ಲಿ ಚಾಲಿ, ಕೆಂಪುಗೋಟು, ಸಿಪ್ಪೆಗೋಟು ಎಲ್ಲ ಬರುತ್ತವೆ. ಯಾರೋ ಚಾಲಿಯನ್ನು ರಾಶಿಯ ಕೆಳಗೆ ಸೇರಿಸಿದರು. ಆ ಕ್ಷಣದಿಂದ ಹಳೇ ಬೆಟ್ಟೆಯೆಲ್ಲ ಚಾಲಿ, ಹಳೇ ಸರಕೆಲ್ಲ ಬೆಟ್ಟೆ. ಯಾವ ಎರರ್ರೂ ಬರೋದಿಲ್ಲ. ಗ್ರೇಡ್‌ಗೆ ಬೇರೆ ಟೇಬಲ್ ಮಾಡಿ. ಎನಮ್ಮೇ ಬೇಕು ಅಂದರೆ ಹೆಸರನ್ನು ಅಕ್ಷರದಲ್ಲೇ ಉಳಿಸುವಂತೆ ಹೇಳಿ.

ತೂಕ ಮತ್ತು ಹಣಕ್ಕೆ ನ್ಯೂಮೆರಿಕ್ ಕಾಲಮ್, ಜಾವಾದಲ್ಲಿ ಬಿಗ್‌ಡೆಸಿಮಲ್. ದಶಮಾಂಶವನ್ನು ಅಂದಾಜಾಗಿ ಇಡುವ ಡಬಲ್ ಬೇಡವೇ ಬೇಡ. ಅದರಲ್ಲಿ 0.1ಕ್ಕೆ 0.2 ಕೂಡಿದರೆ ಸರಿಯಾಗಿ 0.3 ಬರೋದಿಲ್ಲ. ರೈತರ ಬಿಲ್‌ನಲ್ಲಿ ಪೈಸೆ ವ್ಯತ್ಯಾಸ ಬಂದರೂ ಇಡೀ ಲೆಕ್ಕದ ಮೇಲಿನ ನಂಬಿಕೆ ಹೋಗುತ್ತದೆ.

## ಹಂತ 3: ಮುಂದೆ ಇದನ್ನು ಯಾರು ನೋಡಿಕೊಳ್ಳುತ್ತಾರೆ?

ನಮ್ಮ ಕಡೆ ಹುಡುಗರು ಕೆಲಸ ಕಲಿತು ಬೆಂಗಳೂರಿಗೆ ಹೋಗುತ್ತಾರೆ. ಅದು ಸಹಜ. ಆದ್ದರಿಂದ ಇವತ್ತು ತಂಡದಲ್ಲಿ ಇರುವವರಿಗೆ ಏನು ಬರುತ್ತದೆ ಅನ್ನುವುದರ ಜೊತೆಗೆ, ಮುಂದಿನ ವರ್ಷ ಬರುವವರು ಏನು ಓದಿ ಅರ್ಥ ಮಾಡಿಕೊಳ್ಳಬಲ್ಲರು ಅನ್ನುವುದೂ ಮುಖ್ಯ. ಎಸ್‌ಕ್ಯೂಎಲ್ ಎಲ್ಲ ಕಾಲೇಜಿನಲ್ಲೂ ಕಲಿಸುತ್ತಾರೆ. ಹೈಬರ್ನೇಟ್ ಒಳಗೆ ಯಾವ ವಸ್ತು ಯಾವಾಗ ಡೇಟಾಬೇಸ್‌ಗೆ ಹೋಗುತ್ತದೆ ಅಂತ ಗೊತ್ತಿರುವವರು ಕಡಿಮೆ. ಗೊತ್ತಿರುವವರು ಒಬ್ಬರೂ ಇಲ್ಲ ಅಂದರೆ ಅದನ್ನು ಆರಿಸಬೇಡಿ.

## ಹಂತ 4: ಪಟ್ಟಿಯನ್ನು ಮೂರಕ್ಕೆ ಇಳಿಸಿ

ಜಾವಾದಲ್ಲಿ ಮೂರು ದಾರಿ ಇವೆ. ಒಂದೊಂದರಿಂದ ಒಂದನ್ನು ಎತ್ತಿಕೊಳ್ಳಿ.

ಮೊದಲನೆಯದು ಪೂರ್ತಿ ಓಆರ್‌ಎಂ (ವಸ್ತುಗಳನ್ನು ಟೇಬಲ್‌ಗಳಿಗೆ ತಾನೇ ಜೋಡಿಸುವುದು): ಹೈಬರ್ನೇಟ್, ಎಕ್ಲಿಪ್ಸ್‌ಲಿಂಕ್. ನೀವು ವಸ್ತುವನ್ನು ಬದಲಾಯಿಸುತ್ತೀರಿ, ಅದು ಬದಲಾವಣೆ ಗಮನಿಸಿ ಎಸ್‌ಕ್ಯೂಎಲ್ ಬರೆದು ಕಳಿಸುತ್ತದೆ.

ಎರಡನೆಯದು ಎಸ್‌ಕ್ಯೂಎಲ್ ನಿಮ್ಮ ಕೈಯಲ್ಲೇ ಇರುವುದು: ಮೈಬ್ಯಾಟಿಸ್, ಜೂಕ್. ಮೈಬ್ಯಾಟಿಸ್‌ನಲ್ಲಿ ಕ್ವೆರಿ ನೀವೇ ಬರೆದು, ಫಲಿತಾಂಶವನ್ನು ವಸ್ತುವಿಗೆ ಜೋಡಿಸುತ್ತೀರಿ. ಜೂಕ್ ನಿಮ್ಮ ಟೇಬಲ್ ನೋಡಿ ಜಾವಾ ಕೋಡ್ ಹುಟ್ಟಿಸುತ್ತದೆ. ಕಾಲಮ್ ಹೆಸರು ಬದಲಾದ ಮೇಲೆ ಆ ಕೋಡ್ ಮತ್ತೆ ಹುಟ್ಟಿಸಿದರೆ, ಹಳೇ ಹೆಸರು ಬಳಸಿದ ಕಡೆಯೆಲ್ಲ ಕಂಪೈಲ್ ಮಾಡುವಾಗಲೇ ತಪ್ಪು ಗೊತ್ತಾಗುತ್ತದೆ. ಇದು ಸಣ್ಣ ತಂಡಕ್ಕೆ ದೊಡ್ಡ ಆಸರೆ.

ಮೂರನೆಯದು ಜೆಡಿಬಿಸಿ (ಜಾವಾದಿಂದ ಡೇಟಾಬೇಸ್‌ಗೆ ನೇರ ಸಂಪರ್ಕ) ಮೇಲಿನ ತೆಳು ಪದರ: ಸ್ಪ್ರಿಂಗ್‌ನ ಜೆಡಿಬಿಸಿ ಟೆಂಪ್ಲೇಟ್, ಸ್ಪ್ರಿಂಗ್ ಡೇಟಾ ಜೆಡಿಬಿಸಿ, ಜೆಡಿಬಿಐ. ಮ್ಯಾಜಿಕ್ ಕಡಿಮೆ, ಕೈಕೆಲಸ ಜಾಸ್ತಿ.

ಪೈಥಾನ್‌ನವರು ಜಾಂಗೋ ಓಆರ್‌ಎಂ ಮತ್ತು ಎಸ್‌ಕ್ಯೂಎಲ್‌ಆಲ್ಕೆಮಿ, ಡಾಟ್‌ನೆಟ್‌ನವರು ಎಂಟಿಟಿ ಫ್ರೇಮ್‌ವರ್ಕ್ ಕೋರ್ ಮತ್ತು ಡ್ಯಾಪರ್ ಇಟ್ಟುಕೊಂಡು ಇದೇ ಪರೀಕ್ಷೆ ಮಾಡಿ.

ಹೈಬರ್ನೇಟ್ ಕಲಿಯುವವರಿಗೆ ಒಂದು ಎಚ್ಚರಿಕೆ. ಸ್ಪ್ರಿಂಗ್ ಬೂಟ್ (ಜಾವಾ ಪ್ರೋಗ್ರಾಂ ಕಟ್ಟುವ ಫ್ರೇಮ್‌ವರ್ಕ್) ಜೊತೆ ಹೈಬರ್ನೇಟ್ ಬಳಸುವವರಿಗೆ, 2022ರಲ್ಲಿ ಬಂದ ಅದರ 3ನೇ ಆವೃತ್ತಿಯಿಂದ ಪ್ಯಾಕೇಜ್ ಹೆಸರು ‘ಜಾವಾಎಕ್ಸ್’ ಹೋಗಿ ‘ಜಕಾರ್ತಾ’ ಆಗಿದೆ, ಕನಿಷ್ಠ ಜಾವಾ 17 ಬೇಕು. ಹಳೇ ಪಾಠ ನೋಡಿ ನಕಲು ಮಾಡಿದ ಕೋಡ್ ಕಂಪೈಲ್ ಆಗದಿದ್ದರೆ ಮೊದಲು ಇದನ್ನು ನೋಡಿ.

## ಹಂತ 5: ಕಷ್ಟದ ಕೆಲಸ ಮಾಡಿಸಿ ನೋಡಿ

ಇದೇ ಮುಖ್ಯ ಹಂತ. ಇದಕ್ಕೆ ಸಮಯ ಕೊಡಿ. ಹಂತ 1ರ ಪಟ್ಟಿಯಿಂದ ಬರೆಯುವ ಕೆಲಸದಲ್ಲಿ ಅತಿ ಕಷ್ಟದ್ದೊಂದು, ಒಟ್ಟು ಹಾಕುವುದರಲ್ಲಿ ಅತಿ ಕಷ್ಟದ್ದೊಂದು ತೆಗೆದುಕೊಳ್ಳಿ. ಮೂರೂ ಫ್ರೇಮ್‌ವರ್ಕ್‌ನಲ್ಲಿ ಮಾಡಿ. ಲಾಗಿನ್, ಪರದೆ, ಬಣ್ಣ ಯಾವುದೂ ಬೇಡ.

ಅದಕ್ಕೂ ಮೊದಲು ಒಂದು ಬಿಸಿ ಏರಿಸುವ ಪರೀಕ್ಷೆ: ‘ಇವತ್ತಿನ ಲಾಟ್ ತೋರಿಸು’. 50 ಲಾಟ್, 50 ಬೇರೆ ಬೇರೆ ರೈತರು. ಪ್ರತಿ ಸಾಲಿನಲ್ಲಿ ರೈತರ ಹೆಸರು ಮತ್ತು ಚೀಲಗಳ ಒಟ್ಟು ತೂಕ. ಹೈಬರ್ನೇಟ್‌ನಲ್ಲಿ ಸುಮ್ನೆ ಬರೆದು ಓಡಿಸಿ, ಲಾಗ್ ಎಣಿಸಿ. ಲಾಟ್ ಪಟ್ಟಿಗೆ 1 ಕ್ವೆರಿ. ಒಂದೊಂದು ರೈತರಿಗೆ ಒಂದೊಂದರಂತೆ 50. ಚೀಲಗಳಿಗೆ ಇನ್ನೂ 50. ಒಟ್ಟು 101.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇದು ಕಣ್ಣಿಗೇ ಕಾಣೋದಿಲ್ಲ. ಆದರೆ ಪ್ರೋಗ್ರಾಂ ತೀರ್ಥಹಳ್ಳಿಯ ಕಚೇರಿಯಲ್ಲಿದ್ದು ಡೇಟಾಬೇಸ್ ಮುಂಬೈನ ಕ್ಲೌಡ್‌ನಲ್ಲಿದ್ದರೆ? ಒಂದು ಹೋಗಿಬರುವುದಕ್ಕೆ 40 ಮಿಲಿಸೆಕೆಂಡ್ ಅಂತ ಇಟ್ಟುಕೊಂಡರೂ 4 ಸೆಕೆಂಡ್ ಆಯಿತು. ಮಳೆಗಾಲದಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು ಅಲ್ವಾ.

ಕಾರಣ ಹೀಗಿದೆ. ಜೆಪಿಎಯಲ್ಲಿ ಲಾಟ್‌ನಿಂದ ರೈತನ ಕಡೆ ಹೋಗುವ ಸಂಬಂಧ, ನೀವು ಬೇಡ ಅನ್ನದಿದ್ದರೆ, ಕೂಡಲೇ ತರುವ ಬಗೆಯದು. ಚೀಲಗಳ ಕಡೆ ಹೋಗುವುದು ಬೇಕಾದಾಗ ತರುವ ಬಗೆಯದು, ನೀವು ಲೂಪ್‌ನಲ್ಲಿ ಮುಟ್ಟಿದಾಗಲೆಲ್ಲ ಓಡಿಹೋಗಿ ತರುತ್ತದೆ. ಪರಿಹಾರ ಸುಲಭ: ಎಲ್ಲವನ್ನೂ ಬೇಕಾದಾಗ ತರುವ ಬಗೆಗೆ ಬದಲಾಯಿಸಿ, ಬೇಕಾದ ಕಡೆ ‘ಜಾಯಿನ್ ಫೆಚ್’ (ಸಂಬಂಧಿಸಿದ ಸಾಲುಗಳನ್ನೂ ಒಂದೇ ಕ್ವೆರಿಯಲ್ಲಿ ತರುವುದು) ಬಳಸಿ. ಜಾಂಗೋದಲ್ಲಿ ಇದೇ ಕೆಲಸಕ್ಕೆ ‘ಸೆಲೆಕ್ಟ್ ರಿಲೇಟೆಡ್’, ‘ಪ್ರೀಫೆಚ್ ರಿಲೇಟೆಡ್’ ಇವೆ. ಪರಿಹಾರ ಇದೆ ಅನ್ನುವುದಕ್ಕಿಂತ, ನಿಮ್ಮ ತಂಡ ಇದನ್ನು ತಾನಾಗೇ ಕಂಡುಹಿಡಿಯಿತಾ ಅನ್ನುವುದನ್ನು ಗಮನಿಸಿ. ಪರೀಕ್ಷೆ ಫ್ರೇಮ್‌ವರ್ಕ್‌ಗೂ ಹೌದು, ತಂಡಕ್ಕೂ ಹೌದು.

ಬರೆಯುವ ಪರೀಕ್ಷೆ. 40 ಚೀಲದ ಒಂದು ಲಾಟ್, ಜೊತೆಗೆ ರೈತರ ಖಾತೆಯಲ್ಲಿ ಮುಂಗಡ ಕಳೆಯುವುದು. ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲ ಆಗಬೇಕು, ಇಲ್ಲವೇ ಏನೂ ಆಗಬಾರದು) ಆಗಬೇಕು. ಲಾಗ್‌ನಲ್ಲಿ 40 ಇನ್ಸರ್ಟ್ (ಹೊಸ ಸಾಲು ಸೇರಿಸುವ ಆದೇಶ) ಒಂದೊಂದಾಗಿ ಹೋಗುತ್ತಿದೆಯಾ, ಗುಂಪಾಗಿ ಹೋಗುತ್ತಿದೆಯಾ ನೋಡಿ. ಹೈಬರ್ನೇಟ್‌ನಲ್ಲಿ ಐಡಿಗೆ ‘ಐಡೆಂಟಿಟಿ’ ಬಗೆ (ಸಾಲು ಸೇರಿಸಿದಾಗ ಡೇಟಾಬೇಸ್ ನಂಬರ್ ಕೊಡುವುದು) ಇಟ್ಟರೆ ಇನ್ಸರ್ಟ್‌ಗಳು ಗುಂಪಾಗೋದೇ ಇಲ್ಲ. ‘ಸೀಕ್ವೆನ್ಸ್’ (ನಂಬರ್ ಮೊದಲೇ ಪಡೆಯುವುದು) ಇಟ್ಟು, ಬ್ಯಾಚ್ ಗಾತ್ರವನ್ನೂ ಸೆಟ್ಟಿಂಗ್‌ನಲ್ಲಿ ಹೇಳಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಸೀಕ್ವೆನ್ಸ್ ಇಲ್ಲ. ಅಲ್ಲಿ ಸಾವಿರಾರು ಸಾಲು ತುಂಬುವ ಕೆಲಸವನ್ನು ನೇರ ಜೆಡಿಬಿಸಿಯಲ್ಲಿ ಮಾಡಿ.

ಆಮೇಲೆ ಎರಡು ಕಿಟಕಿ ತೆರೆದು ಒಂದೇ ರೈತರ ಖಾತೆಯನ್ನು ಇಬ್ಬರು ಗುಮಾಸ್ತರು ಒಟ್ಟಿಗೆ ತಿದ್ದುವಂತೆ ಮಾಡಿ. ಬಾಕಿ 20,000 ಇದೆ. ಒಬ್ಬರು 5,000 ಕಳೆದರು, ಇನ್ನೊಬ್ಬರು 3,000 ಕಳೆದರು. ಕೊನೆಗೆ 12,000 ಉಳಿಯಬೇಕು. 17,000 ಉಳಿದರೆ ಒಬ್ಬರ ಲೆಕ್ಕ ನುಂಗಿಹೋಗಿದೆ. ಜೆಪಿಎಯಲ್ಲಿ ‘ವರ್ಷನ್’ ಕಾಲಮ್ (ತಿದ್ದಿದಾಗಲೆಲ್ಲ ಬದಲಾಗುವ ಆವೃತ್ತಿ ಸಂಖ್ಯೆ) ಇಟ್ಟರೆ ಎರಡನೆಯವರಿಗೆ ಎರರ್ ಬರುತ್ತದೆ, ಮತ್ತೆ ತೆರೆದು ಮಾಡಬೇಕು. ಮೈಬ್ಯಾಟಿಸ್, ಜೆಡಿಬಿಸಿಯಲ್ಲಿ ಈ ಕಾವಲನ್ನು ಅಪ್‌ಡೇಟ್ ಕ್ವೆರಿಯ ಷರತ್ತಿನಲ್ಲಿ ನೀವೇ ಬರೆಯಬೇಕು. ಎಷ್ಟು ಸಾಲು ಬದಲಾಯಿತು ಅಂತ ನೋಡಲೂಬೇಕು, ಸೊನ್ನೆ ಬಂದರೆ ಬೇರೆಯವರು ಮುಂಚೆ ಮುಟ್ಟಿದ್ದಾರೆ ಅಂತ ಅರ್ಥ.

ಒಟ್ಟು ಹಾಕುವ ಪರೀಕ್ಷೆ. ತಿಂಗಳ ರಿಪೋರ್ಟ್: ತಾಲ್ಲೂಕುವಾರು, ಗ್ರೇಡ್‌ವಾರು ಎಷ್ಟು ಕ್ವಿಂಟಾಲ್, ಕನಿಷ್ಠ ದರ, ಗರಿಷ್ಠ ದರ, ಸರಾಸರಿ. ಸರಾಸರಿ ಅಂದರೆ ತೂಕ ಹಿಡಿದ ಸರಾಸರಿ. 2 ಕ್ವಿಂಟಾಲ್ 50,000ಕ್ಕೆ, 8 ಕ್ವಿಂಟಾಲ್ 48,000ಕ್ಕೆ ಹೋಗಿದ್ದರೆ ಉತ್ತರ 48,400. ಬರೀ ಎರಡು ದರ ಕೂಡಿ ಭಾಗಿಸಿದರೆ 49,000 ಬರುತ್ತದೆ, ಅದು ತಪ್ಪು. ಫ್ರೇಮ್‌ವರ್ಕ್‌ನ ಸಿದ್ಧ ‘ಆವರೇಜ್’ ಕರೆದು ಬಿಟ್ಟವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಅದರ ಜೊತೆ ರೈತರ ಖಾತೆ ಪುಸ್ತಕ: ಪ್ರತಿ ಸಾಲಿನ ಮುಂದೆ ಅಲ್ಲಿಯವರೆಗಿನ ಬಾಕಿ. ಎಸ್‌ಕ್ಯೂಎಲ್‌ನಲ್ಲಿ ವಿಂಡೋ ಫಂಕ್ಷನ್ (ಪ್ರತಿ ಸಾಲಿಗೂ ಅಲ್ಲಿಯವರೆಗಿನ ಮೊತ್ತ ಹಾಕಬಲ್ಲ ಸೌಲಭ್ಯ) ಬಳಸಿದರೆ ಒಂದೇ ಕ್ವೆರಿ. ಜೂಕ್‌ನಲ್ಲಿ ನೇರವಾಗಿ ಬರೆಯಬಹುದು, ಮೈಬ್ಯಾಟಿಸ್‌ನಲ್ಲಿ ಹಾಗೇ ಅಂಟಿಸಬಹುದು. ಹೈಬರ್ನೇಟ್ 6ರ ಕ್ವೆರಿ ಭಾಷೆಯಲ್ಲೂ ಸಾಧ್ಯ, ಅದಕ್ಕೂ ಹಳೆಯದರಲ್ಲಿ ನೇಟಿವ್ ಕ್ವೆರಿಗೆ, ಅಂದರೆ ನೇರ ಎಸ್‌ಕ್ಯೂಎಲ್‌ಗೆ ಇಳಿಯಬೇಕು. ತಂಡದವರು ಎಲ್ಲ ಲಾಟ್‌ಗಳನ್ನೂ ಜಾವಾಕ್ಕೆ ಎಳೆದುಕೊಂಡು ಲೂಪ್‌ನಲ್ಲಿ ಕೂಡೋಕೆ ಹೊರಟರೆ ನಿಲ್ಲಿಸಿ. ಆ ದಾರಿ ಒಂದು ವರ್ಷದ ಡೇಟಾಕ್ಕೆ ಬಾಳೋದಿಲ್ಲ.

ಪ್ರತಿ ಪರೀಕ್ಷೆಗೂ ನಾಲ್ಕು ವಿಷಯ ಬರೆದಿಡಿ: ಎಷ್ಟು ಕ್ವೆರಿ ಹೋಯಿತು, ಎಷ್ಟು ಹೊತ್ತು ಹಿಡಿಯಿತು, ಬರೆಯೋಕೆ ಎಷ್ಟು ಹೊತ್ತಾಯಿತು, ಬರೆಯದ ಇನ್ನೊಬ್ಬರಿಗೆ ಓದಿ ಅರ್ಥ ಆಯಿತಾ. ನನ್ನ ಮಟ್ಟಿಗೆ ಕೊನೆಯದಕ್ಕೇ ತೂಕ ಜಾಸ್ತಿ.

## ಹಂತ 6: ಕರೆಂಟ್ ತೆಗೆದು ನೋಡಿ

ಮಲೆನಾಡಿನಲ್ಲಿ ಈ ಹಂತ ಬಿಡುವ ಹಾಗಿಲ್ಲ. ಲಾಟ್ ಉಳಿಸುವ ಮಧ್ಯದಲ್ಲೇ ಪ್ರೋಗ್ರಾಂ ನಿಲ್ಲಿಸಿ. 40 ಚೀಲದಲ್ಲಿ 23 ಮಾತ್ರ ಉಳಿದಿದ್ದರೆ ಟ್ರಾನ್ಸಾಕ್ಷನ್ ಗಡಿ ತಪ್ಪಾಗಿದೆ.

ಇನ್ನೊಂದು: ಉಳಿಸು ಒತ್ತಿದರು, ಡೇಟಾ ಉಳಿಯಿತು, ಉತ್ತರ ಬರುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಗುಮಾಸ್ತರು ಮತ್ತೆ ಒತ್ತುತ್ತಾರೆ. ಈಗ ಒಂದೇ ಮಾಲು ಎರಡು ಲಾಟ್. ಇದಕ್ಕೆ ಪರದೆ ತೆರೆದಾಗಲೇ ಒಂದು ಯುಯುಐಡಿ (ಬೇರೆಲ್ಲೂ ಮತ್ತೆ ಬರದಂಥ ಗುರುತು ಸಂಖ್ಯೆ) ಹುಟ್ಟಿಸಿ, ಡೇಟಾಬೇಸ್‌ನಲ್ಲಿ ಅದಕ್ಕೆ ಯುನೀಕ್ ನಿರ್ಬಂಧ ಹಾಕಿ. ಅದನ್ನೇ ಪ್ರೈಮರಿ ಕೀ ಮಾಡಿದರೆ ಸ್ಪ್ರಿಂಗ್ ಡೇಟಾ ಜೆಪಿಎ ‘ಇದು ಹಳೇದು’ ಅಂದುಕೊಂಡು ಪ್ರತಿ ಸಲ ಮೊದಲು ಒಂದು ಸೆಲೆಕ್ಟ್ ಕಳಿಸುತ್ತದೆ. ‘ವರ್ಷನ್’ ಕಾಲಮ್ ಇದ್ದರೆ ಅದು ಖಾಲಿ ಇರುವುದು ನೋಡಿ ಹೊಸದು ಅಂತ ತಿಳಿಯುತ್ತದೆ.

ಕನೆಕ್ಷನ್ ಲೆಕ್ಕವನ್ನೂ ಈಗಲೇ ಹಾಕಿ. ಹಿಕಾರಿ ಪೂಲ್‌ನಲ್ಲಿ (ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟು ಹಂಚುವ ಸಾಧನ) ನೀವೇನೂ ಹೇಳದಿದ್ದರೆ ಗರಿಷ್ಠ 10 ಕನೆಕ್ಷನ್. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಒಟ್ಟು 100 ಕೊಡುತ್ತದೆ, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಹತ್ತು ಶಾಖೆಗಳಲ್ಲಿ ಹತ್ತು ಪ್ರೋಗ್ರಾಂ ಓಡಿದರೆ ಹತ್ತನೆಯ ಶಾಖೆಗೆ ಪೂರ್ತಿ ಸಿಗೋದಿಲ್ಲ.

## ಹಂತ 7: ತೀರ್ಮಾನ

ಬರೆದಿಟ್ಟ ಅಂಕಿಗಳನ್ನು ಮುಂದಿಟ್ಟುಕೊಂಡು ಕೂರಿ. ಹೊಸ ಟೇಬಲ್, ತಿದ್ದುವ ಕೆಲಸ ಜಾಸ್ತಿ, ಜೆಪಿಎ ಬಲ್ಲವರು ಇದ್ದಾರೆ: ಹೈಬರ್ನೇಟ್. ಹಳೇ ಟೇಬಲ್, ರಿಪೋರ್ಟ್ ಜಾಸ್ತಿ: ಜೂಕ್ ಅಥವಾ ಮೈಬ್ಯಾಟಿಸ್. ಹತ್ತು ಹನ್ನೆರಡು ಟೇಬಲ್‌ನ ಸಣ್ಣ ಕೆಲಸ: ಜೆಡಿಬಿಸಿ ಟೆಂಪ್ಲೇಟ್ ಸಾಕು, ಅದರಲ್ಲಿ ನಾಚಿಕೆ ಏನಿಲ್ಲ.

ಎರಡನ್ನು ಸೇರಿಸಬಹುದಾ? ಮಂಡಿಯಂಥ ಕೆಲಸಕ್ಕೆ ನಾನು ಸೇರಿಸಿ ಅಂತಲೇ ಹೇಳುತ್ತೇನೆ. ದಿನದ ನಮೂದಿಗೆ ಹೈಬರ್ನೇಟ್, ರಿಪೋರ್ಟ್‌ಗೆ ಜೂಕ್ ಅಥವಾ ನೇರ ಎಸ್‌ಕ್ಯೂಎಲ್. ಆದರೆ ಒಂದು ಅಪಾಯ ಗೊತ್ತಿರಲಿ. ಹೈಬರ್ನೇಟ್‌ನಲ್ಲಿ ತಿದ್ದಿದ್ದು ಕೂಡಲೇ ಡೇಟಾಬೇಸ್‌ಗೆ ಹೋಗೋದಿಲ್ಲ. ಅದೇ ಟ್ರಾನ್ಸಾಕ್ಷನ್‌ನಲ್ಲಿ ಜೆಡಿಬಿಸಿ ಟೆಂಪ್ಲೇಟ್‌ನಿಂದ ಓದಿದರೆ ಹಳೇ ಬಾಕಿಯೇ ಸಿಗುತ್ತದೆ. ಓದುವ ಮೊದಲು ‘ಫ್ಲಶ್’ ಮಾಡಿ (ತಿದ್ದಿದ್ದನ್ನು ಕೂಡಲೇ ಕಳಿಸಿ), ಅಥವಾ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬಳಸಲೇಬೇಡಿ.

## ಹಂತ 8: ಬೀಗ ಹಾಕಿ

ಹೈಬರ್ನೇಟ್ ಆರಿಸಿದ್ದರೆ, ಟೇಬಲ್‌ಗಳನ್ನು ಅದು ಏನು ಮಾಡಬೇಕು ಅಂತ ಹೇಳುವ ‘ಡಿಡಿಎಲ್ ಆಟೋ’ ಸೆಟ್ಟಿಂಗ್ ‘ವ್ಯಾಲಿಡೇಟ್’ನಲ್ಲಿ (ಬರೀ ಸರಿಯಿದೆಯಾ ನೋಡುವುದು) ಇರಲಿ. ‘ಅಪ್‌ಡೇಟ್’ ಇಟ್ಟರೆ ಕಾಲಮ್ ಹೆಸರು ಬದಲಿಸಿದಾಗ ಹೊಸ ಕಾಲಮ್ ಸೇರಿಸಿ ಹಳೇದನ್ನು ಹಾಗೇ ಬಿಡುತ್ತದೆ. ‘ಕ್ರಿಯೇಟ್’ ಇಟ್ಟು ನಿಜವಾದ ಡೇಟಾಬೇಸ್‌ಗೆ ಜೋಡಿಸಿದರೆ ಟೇಬಲ್‌ಗಳೇ ಅಳಿಸಿಹೋಗುತ್ತವೆ. ಟೇಬಲ್ ಬದಲಾವಣೆ ಎಲ್ಲ ಫ್ಲೈವೇ ಅಥವಾ ಲಿಕ್ವಿಬೇಸ್ (ಬದಲಾವಣೆಗಳನ್ನು ಕ್ರಮವಾಗಿ ಓಡಿಸಿ ದಾಖಲೆ ಇಡುವ ಸಾಧನಗಳು) ಮೂಲಕವೇ ಆಗಲಿ, ಕೋಡ್ ಜೊತೆ ಗಿಟ್‌ನಲ್ಲಿ ಇರಲಿ.

ಸ್ಪ್ರಿಂಗ್ ಬೂಟ್‌ನಲ್ಲಿ ‘ಓಪನ್ ಇನ್ ವ್ಯೂ’ (ಪರದೆ ತಯಾರಾಗುವವರೆಗೂ ಡೇಟಾ ತರಲು ಬಿಡುವ ಸೆಟ್ಟಿಂಗ್) ತಾನಾಗೇ ಚಾಲೂ ಇರುತ್ತದೆ. ಮೊದಲ ದಿನವೇ ಆಫ್ ಮಾಡಿ. ಕೆಲವು ಕಡೆ ‘ಲೇಜಿ ಇನಿಶಿಯಲೈಸೇಶನ್’ ಎರರ್ ಬರುತ್ತದೆ. ಬರಲಿ, ನೀವು ತರಲು ಮರೆತ ಡೇಟಾ ಎಲ್ಲಿದೆ ಅಂತ ಅದು ತೋರಿಸುತ್ತಿದೆ.

ಯಾವುದನ್ನು ಯಾಕೆ ಆರಿಸಿದೆವು, ಯಾವುದನ್ನು ಯಾಕೆ ಬಿಟ್ಟೆವು ಅಂತ ಒಂದು ಪುಟ ಬರೆದು ಕೋಡ್ ಜೊತೆಗೇ ಇಡಿ. ಮುಂದೆ ಬರುವವರು ಮೊದಲು ಕೇಳುವುದೇ ಅದು.

## ಕೆಲಸ ಶುರುವಾದ ಮೇಲೆ ಕಾಣುವ ಅಪಾಯದ ಗುರುತುಗಳು

ಒಂದು ಪರದೆಗೆ ಹೋಗುವ ಕ್ವೆರಿಗಳ ಸಂಖ್ಯೆ, ಸಾಲುಗಳ ಜೊತೆ ಏರುತ್ತಿದೆ. ಹಂತ 5ಕ್ಕೆ ವಾಪಸ್ ಹೋಗಿ.

‘ಪುಟ ಹಾಕುವಿಕೆಯನ್ನು ಮೆಮೊರಿಯಲ್ಲಿ ಮಾಡುತ್ತಿದ್ದೇನೆ’ ಎನ್ನುವ ಅರ್ಥದ ಎಚ್ಚರಿಕೆ ಹೈಬರ್ನೇಟ್ ಲಾಗ್‌ನಲ್ಲಿ ಬಂದರೆ, ಚೀಲಗಳನ್ನು ಜಾಯಿನ್ ಫೆಚ್ ಮಾಡಿ 50ರ ಪುಟ ಕೇಳಿದ್ದೀರಿ. ಅದು ಪೂರ್ತಿ ಪಟ್ಟಿಯನ್ನು ಎಳೆದು ತಂದು ಆಮೇಲೆ ಕತ್ತರಿಸುತ್ತಿದೆ. ಮೊದಲು 50 ಲಾಟ್‌ನ ಐಡಿ ಮಾತ್ರ ತನ್ನಿ, ಎರಡನೇ ಕ್ವೆರಿಯಲ್ಲಿ ಚೀಲ ತನ್ನಿ.

ಮೈಬ್ಯಾಟಿಸ್ ಫೈಲ್‌ನಲ್ಲಿ ಡಾಲರ್ ಗುರುತಿನ ಜಾಗಗಳು ಕಂಡರೆ ಒಂದೊಂದನ್ನೂ ಪರಿಶೀಲಿಸಿ. ಹ್ಯಾಶ್ ಗುರುತು ಮೌಲ್ಯವನ್ನು ಪ್ಯಾರಾಮೀಟರ್ ಆಗಿ, ಅಂದರೆ ಕ್ವೆರಿಯಿಂದ ಬೇರೆಯಾಗಿ ಕಳಿಸುತ್ತದೆ. ಡಾಲರ್ ಗುರುತು ಅಕ್ಷರಗಳನ್ನು ಹಾಗೇ ಕ್ವೆರಿಗೆ ಅಂಟಿಸುತ್ತದೆ. ಬಳಕೆದಾರರು ಟೈಪ್ ಮಾಡಿದ್ದು ಅಲ್ಲಿಗೆ ಹೋದರೆ ಡೇಟಾಬೇಸ್ ಬಾಗಿಲು ತೆರೆದಂತೆ. ಕಾಲಮ್ ಹೆಸರಿನಂತೆ ವಿಂಗಡಿಸಲು ಬೇಕೇ ಬೇಕು ಅಂದರೆ, ಒಪ್ಪಿದ ಹೆಸರುಗಳ ಪಟ್ಟಿ ಕೋಡ್‌ನಲ್ಲಿ ಇಟ್ಟು ಅದರಿಂದಲೇ ಆರಿಸಿ.

ಹೆಸರು ಇದ್ದರೂ ಹುಡುಕಿದರೆ ಸಿಗುತ್ತಿಲ್ಲ. ಕನ್ನಡದಲ್ಲಿ ಟೈಪ್ ಮಾಡುವಾಗ ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಕ ಗುರುತು ಸೇರಿಕೊಂಡಿರುತ್ತದೆ, ಒಂದು ಕೀಬೋರ್ಡ್ ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಯಾವ ಫ್ರೇಮ್‌ವರ್ಕೂ ಇದನ್ನು ನಿಮಗಾಗಿ ಸರಿಮಾಡುವುದಿಲ್ಲ. ಹುಡುಕಲು ಬೇರೆ ಕಾಲಮ್ ಇಟ್ಟು, ಆ ಗುರುತು ತೆಗೆದು ಉಳಿಸಿ.

ಆರಿಸಿದ್ದು ಹೊಂದಲೇ ಇಲ್ಲ, ಬದಲಾಯಿಸಲೇಬೇಕು ಅಂದರೆ ಎಲ್ಲವನ್ನೂ ಒಟ್ಟಿಗೆ ಕೀಳಬೇಡಿ. ಮೊದಲು ರಿಪೋರ್ಟ್‌ಗಳನ್ನು ಹೊಸದಕ್ಕೆ ಸಾಗಿಸಿ, ಅವು ಓದುತ್ತವೆ ಅಷ್ಟೇ, ಡೇಟಾ ಕೆಡಿಸುವುದಿಲ್ಲ. ಹಳೇದು, ಹೊಸದು ಎರಡರ ಉತ್ತರವನ್ನೂ ಒಂದು ತಿಂಗಳು ತಾಳೆ ನೋಡಿ. ಬಿಲ್ ಮತ್ತು ಖಾತೆಗೆ ಬರೆಯುವ ಭಾಗವನ್ನು ಕೊನೆಗೆ, ಮಂಡಿಗೆ ಮಾಲು ಕಡಿಮೆ ಬರುವ ಮಳೆಗಾಲದಲ್ಲಿ ಮುಟ್ಟಿ.